ನಲವತ್ತೊಂದನೇ ಗಿಡ

ಮಳೆ ನಿಂತು ಒಂಬತ್ತು ವರ್ಷವಾಗಿತ್ತು. ಮನುಷ್ಯರಿಗೆ ದಿನಕ್ಕೆ ತಲಾ ಎರಡು ಲೋಟ ನೀರು, ಪ್ರಯೋಗದ ಹೊಲದ ಜೋಳಕ್ಕೆ ಬರೀ ಇಬ್ಬನಿ. ಗಿಡ ಅಳೆಯುವ ಕಲ್ಲವ್ವ ಮಾತ್ರ ನಲವತ್ತೊಂದನೇ ಗಿಡ ಬಾಡುವುದನ್ನು ನೋಡಲಾರದೆ ತನ್ನ ಪಾಲಿನ ಒಂದು ಲೋಟವನ್ನು ದಿನಾ ಕದ್ದುಮುಚ್ಚಿ ಅದಕ್ಕೆ ಸುರಿಯುತ್ತಿದ್ದಳು.

ಬೀಜದ ಗಿಡ ಆರಿಸುವ ದಿನ ಅವಳು ಅಳೆದು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದ ವಿಜ್ಞಾನಿ ದೇವರಡ್ಡಿಯವರಿಗೆ ಎಲ್ಲಕ್ಕಿಂತ ಎತ್ತರದ ನಲವತ್ತೊಂದನೆಯದನ್ನು ಕಂಡು ಕಣ್ಣು ತುಂಬಿತು.

"ನೀರಿಲ್ದನ ಬೆಳದೈತಿ ನೋಡ್ರಿ ಕಲ್ಲವ್ವ! ನಾಡಿಗೆಲ್ಲ ಇದರ ಬೀಜಾನ ಬಿತ್ತೋಣ್ರಿ. ಉಳಿದವನ್ನ ಕಿತ್ತು ಒಲಿಗೆ ಹಾಕ್ರಿ."

"ಸಾಹೇಬ್ರ..."

ನೀರು ಪೋಲು ಮಾಡಿದವರ ಮನೆಮಂದಿಯನ್ನೆಲ್ಲ ಊರ ಬೇಲಿಯಾಚೆ, ಹನಿ ನೀರಿಲ್ಲದ ಬಯಲಿಗೆ ಅಟ್ಟುತ್ತಿದ್ದರು. ಕಲ್ಲವ್ವನ ಮನೆಯಲ್ಲಿ ಬಾಣಂತಿ ಮಗಳಿದ್ದಳು.

"ಏನ್ರಿ?"

"ಏನಿಲ್ರಿ."

ಅವಳು ಕೀಳತೊಡಗಿದಳು. ನಲವತ್ತೆರಡನೆಯದು ಮೊಣಕಾಲೆತ್ತರದ ಗಿಡ. ಯಾರೂ ನೀರು ಕೊಡದಿದ್ದರೂ ಒಂದು ಹಿಡಿ ಕಾಳು ಕಟ್ಟಿತ್ತು. ಬೇರು ಎಷ್ಟು ಆಳಕ್ಕಿಳಿದಿತ್ತೆಂದರೆ, ಎರಡೂ ಕೈ ಹಾಕಿ ಜಗ್ಗಬೇಕಾಯಿತು.