ಮೇಲಿನ ಸ್ವರ

ಮಾಘದ ಬಿಸಿಲೇರುವಷ್ಟರಲ್ಲಿ ಹಳೆಯ ನಾಟಕ ಥಿಯೇಟರಿನ ಕಸ ಗುಡಿಸಿ ಆಗಿತ್ತು. ರಿಪೇರಿಯಾದ, ಕಾಲಲ್ಲಿ ತುಳಿದು ನುಡಿಸುವ ಹಾರ್ಮೋನಿಯಂ ನೋಡಲು ಜನ ಸೇರಿದ್ದರು. ಒಂದು ಕಾಲಕ್ಕೆ ಅದನ್ನು ನುಡಿಸುತ್ತಿದ್ದ ಮಾಸ್ತರರನ್ನೂ, ಅದರೊಂದಿಗೆ ಹಾಡುತ್ತಿದ್ದ ಅವರ ಹೆಂಡತಿಯನ್ನೂ ಕರೆಸಿದ್ದರು.

“ಮ್ಯಾಲಿನ ಒಂದು ಸ್ವರದ ಹಿತ್ತಾಳಿ ಪಟ್ಟಿ ಯಾರೋ ಅರದಿಂದ ತಿಕ್ಕಿ ಸ್ವರ ಇಳಿಸಿದ್ರು ನೋಡ್ರಿ ಮಾಸ್ತರ. ಈಗ ಸರಿ ಮಾಡೀನಿ,” ರಿಪೇರಿಯವನು ಎಲ್ಲರಿಗೂ ಕೇಳುವಂತೆ ಹೇಳಿದ.

ಮಾಸ್ತರರು ಹೆಂಡತಿಯ ಕಡೆ ಬಾಗಿದರು. “ಇವತ್ತು ಹಾಡೋದು ಬ್ಯಾಡ.”

“ಯಾಕ? ಮೂವತ್ತು ವರ್ಷದಾಗ ಒಮ್ಮೆನಾದ್ರೂ ಸ್ವರ ತಪ್ಪೀನೇನ್ರಿ?”

ನಗುತ್ತಲೇ ಹಾಡು ಎತ್ತಿಕೊಂಡಳು. ಮಾಸ್ತರರು ನುಡಿಸಲೇಬೇಕಾಯಿತು. ಹಾರ್ಮೋನಿಯಂ ಮೇಲಿನ ಸ್ವರಕ್ಕೆ ಏರಿತು. ಆಕೆಯ ದನಿ ಕೆಳಗೇ ಉಳಿಯಿತು. ಮತ್ತೊಮ್ಮೆ ಹಾಡಿದಳು, ಆಗಲೂ ಕೆಳಗೇ. ಜನ ನೆಲ ನೋಡತೊಡಗಿದರು.

ಆಕೆ ಗಂಡನತ್ತ ತಿರುಗಿದಳು.

“ಹಂಗಾದ್ರ, ಅದನ್ನ ಇಳಿಸಿದವ್ರು ನೀವ ಏನ್ರಿ?”