ಕಲ್ಲಿದ್ದ ಜಾಗ

ಗುಂಡಿಯೊಳಗೆ ಮಂಡಿಯೂರಿದ್ದ ತಮ್ಮ, ತುಂಡಾಗಿದ್ದ ಇಂಟರ್ನೆಟ್ ಕೇಬಲಿನ ಕೂದಲಿನಷ್ಟು ಸಣ್ಣ ಗಾಜಿನ ಎಳೆಯನ್ನು ಮತ್ತೆ ಒರೆಸಿ, ಬೆಸೆಯುವ ಯಂತ್ರದಲ್ಲಿಟ್ಟ. ಮೇಲೆ ಅಣ್ಣ ಅತ್ತಿಂದಿತ್ತ ತಿರುಗುತ್ತಲೇ ಇದ್ದ. ಅವನ ಕಾಲಡಿ ಎದ್ದ ದೂಳು ಗಾಳಿಯೊಡನೆ ಬಂದು ಎಳೆಯ ಮೇಲೆಯೇ ಕೂರುತ್ತಿತ್ತು.

"ಇನ್ನೂ ಎಷ್ಟೊತ್ತೋ? ನಿಮ್ಮತ್ತಿಗೆ ಊರಾಸ್ಪತ್ರೆಯಲ್ಲಿ ನೋವು ತಿಂತಾ ಮಲಗಿದ್ದಾಳೆ. ಸ್ಕ್ಯಾನ್ ಚಿತ್ರ ದೊಡ್ಡಾಸ್ಪತ್ರೆಗೆ ಹೋಗೋ ತನಕ ಡಾಕ್ಟರು ಏನೂ ಹೇಳಲ್ಲವಂತೆ."

"ಕೆಳಗೆ ಕೇಬಲ್ ಇದೆ ಅಂತ ಕಲ್ಲು ನೆಟ್ಟಿದ್ದೆನಲ್ಲಣ್ಣ."

"ಕಾಲುವೆ ತೋಡೋಕೆ ಅಡ್ಡ ಬಂತು. ಕಿತ್ತು ಬದಿಗಿಟ್ಟೆ."

"ಹಾಗಾದ್ರೆ ಆ ಕಲ್ಲಿನ ಜಾಗದಲ್ಲಿ ಈಗ ನೀನೇ ನಿಲ್ಲು. ಅಲ್ಲಾಡಬೇಡ."

ಅಣ್ಣ ಅಂಗಿ ಬಿಚ್ಚಿ, ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಗಾಳಿಗೆ ಅಡ್ಡ ನಿಂತ. ದೂಳು ಅಡಗಿತು. ಯಂತ್ರದಲ್ಲಿ ಸಣ್ಣ ಕಿಡಿ ಮಿನುಗಿ ಎಳೆಗಳು ಒಂದಾದವು. ತಮ್ಮ ಅದಕ್ಕೆ ಕವಚ ತೊಡಿಸಿ, ಪಕ್ಕದಲ್ಲಿದ್ದ ಲ್ಯಾಪ್‌ಟಾಪಿನಿಂದ ಊರಾಸ್ಪತ್ರೆಯ ಕಡೆಗೆ ಲೈನ್ ಪರೀಕ್ಷಿಸುವ ಪಿಂಗ್ ಸಂದೇಶ ಕಳಿಸಿದ. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದಕ್ಕೆ ಬಂತು.

"ಲೈನ್ ಸರಿಹೋಯ್ತಣ್ಣ. ಇನ್ನು ಬಿರುಗಾಳಿ ಬಂದ್ರೂ ಏನಾಗಲ್ಲ. ಕೈ ಇಳಿಸು."

"ಚಿತ್ರ ಹೋಯ್ತಾ?"

"ಹೋಗ್ತಾ ಇದೆ. ಇಡಿಯಾಗಿ ಹೋಗಲ್ಲ, ತುಂಡು ತುಂಡು ಪ್ಯಾಕೆಟ್ಟಾಗಿ ಹೋಗಿ ಅಲ್ಲಿ ಒಂದಾಗುತ್ತೆ. ಒಂದು ತಪ್ಪಿದ್ರೆ ಅದನ್ನ ಮತ್ತೆ ಕಳಿಸುತ್ತೆ."

ತಮ್ಮ ಉಪಕರಣಗಳನ್ನು ಚೀಲಕ್ಕೆ ತುಂಬಿ, ಗುಂಡಿಯಿಂದ ಮೇಲೆ ಬಂದ. ಅಣ್ಣ ನಿಂತಲ್ಲೇ ಇದ್ದ, ಅಂಗಿ ಇನ್ನೂ ಗಾಳಿಗೆ ಅಡ್ಡವಾಗಿತ್ತು.

"ಸಾಕು ಬಾರಣ್ಣ."

"ಇರಲಿ ಬಿಡೋ," ಎಂದ ಅಣ್ಣ, ತೋಳನ್ನು ಇನ್ನಷ್ಟು ಎತ್ತಿ. "ಕೊನೇ ತುಂಡೂ ತಲುಪಲಿ."