ಅಳಿಸುವ ಮುನ್ನ ಕೇಳಿದ್ದು

"'ಅಮ್ಮನ ದನಿ' ಫೋಲ್ಡರನ್ನು ಪೂರ್ತಿ ಅಳಿಸಲೇ?" ಎಂದು ಪರದೆ ಕೇಳಿದಾಗ ಅಕ್ಕನ ಬೆರಳು ಕೀಲಿಯ ಮೇಲೆಯೇ ನಿಂತಿತು.

ಟೈಪ್ ಮಾಡಿದ ಆದೇಶದಂತೆ ಕಂಪ್ಯೂಟರ್ ನಡೆಸುವ ಈ ಹೊಸ ಶೆಲ್ ಇನ್ನೂ ಪ್ರಯೋಗದ ಹಂತದಲ್ಲಿತ್ತು. ದಿನಬಳಕೆಗೆ ಆದೀತೇ ಎಂದು ತಿಳಿಯಲು ಅವಳದು ಒಂದೇ ಪರೀಕ್ಷೆ: ಖಾಲಿ ಫೋಲ್ಡರೊಂದಕ್ಕೆ ಆ ಹೆಸರಿಟ್ಟು, ಅಳಿಸುವ ಆದೇಶದಲ್ಲಿ ಬೇಕೆಂದೇ ಒಂದು ಸ್ಪೇಸ್ ಹೆಚ್ಚು ಹಾಕುವುದು. ಅಷ್ಟು ಸಾಕು, ಒಳಗಿನ ಕಸವನ್ನಷ್ಟೇ ತೆಗೆಯಬೇಕಾದ ಆದೇಶ ಇಡೀ ಫೋಲ್ಡರನ್ನೇ ಅಳಿಸಿಬಿಡುತ್ತದೆ. ಐದು ವರ್ಷಗಳಲ್ಲಿ ಎಷ್ಟೋ ಶೆಲ್‌ಗಳು ತುಟಿಪಿಟಕ್ಕೆನ್ನದೆ ಅಳಿಸಿದ್ದವು. ಪ್ರತಿ ಸಲವೂ ಅವಳಿಗೆ ಆ ಮೊದಲ ಸಲದ ತಪ್ಪು ನೆನಪಾಗಿತ್ತು.

"ಇದು ಕೇಳ್ತಲ್ಲಕ್ಕಾ! ಗೆದ್ವಿ ಬಿಡು, ನಾಳೆಯಿಂದ ಇದನ್ನೇ ಬಳಸೋಣ," ಎನ್ನುತ್ತ ಪಕ್ಕದ ಮೇಜಿನಿಂದ ಬಗ್ಗಿದ ತಮ್ಮ, ಹೆಸರು ಓದಿ ನಗು ನಿಲ್ಲಿಸಿದ. ಅಮ್ಮ ತೀರಿಹೋಗುವ ಮುನ್ನ ಅವಳ ಮಾತುಗಳನ್ನೆಲ್ಲ ರೆಕಾರ್ಡ್ ಮಾಡಿ, ಆ ಹೆಸರಿನ ಫೋಲ್ಡರಿನಲ್ಲಿ ಇಟ್ಟಿದ್ದವನು ಅವನೇ.

"ಅಕ್ಕಾ, ಅದು ಹೋಗಿದ್ದು ಡಿಸ್ಕ್ ಕೆಟ್ಟು ಅಂದಿದ್ದೆ ಅಲ್ವಾ ನೀನು?"

ಅವಳು ಕೀಲಿಯಿಂದ ಬೆರಳು ತೆಗೆದಳು. ಹಳೆಯ ಶೆಲ್ ಆಗಿದ್ದರೆ ಇಷ್ಟು ಹೊತ್ತಿಗೆ ಎಲ್ಲ ಅಳಿಸಿ, ಬಾಯಿ ಮುಚ್ಚಿಕೊಂಡಿರುತ್ತಿತ್ತು.